ವೀಸಾ ಬುಲೆಟಿನ್ ಮಹಾತ್ಮೆ

ಅಮೆರಿಕದ ವಿದೇಶಾಂಗ ಇಲಾಖೆ ತಿಂಗಳಿಗೊಮ್ಮೆ ಒಂದು ಪಂಚಾಂಗ ಹೊರಡಿಸುತ್ತದೆ. ತಿಥಿ ನಕ್ಷತ್ರಗಳ ಗೊಡವೆ ಅದಕ್ಕಿಲ್ಲ. ಇರುವುದೆಲ್ಲ ಗ್ರೀನ್ ಕಾರ್ಡಿನ, ಅಂದರೆ ಅಲ್ಲೇ ಕಾಯಂ ನೆಲೆಸುವ ಪರವಾನಗಿಯ, ಸಾಲು ಎಲ್ಲಿಗೆ ಬಂದಿದೆ ಎಂದು ಹೇಳುವ ಇಸವಿ, ತಿಂಗಳು, ತಾರೀಖು. ಚೀನಾಕ್ಕೊಂದು ಕಾಲಂ, ಭಾರತಕ್ಕೊಂದು, ಮೆಕ್ಸಿಕೊಗೊಂದು, ಫಿಲಿಪ್ಪೀನ್ಸಿಗೊಂದು, ಭೂಮಿಯ ಮೇಲಿನ ಮಿಕ್ಕೆಲ್ಲ ದೇಶಗಳಿಗೂ ಸೇರಿ ಇನ್ನೊಂದು. ವೀಸಾ ಬುಲೆಟಿನ್ ಎಂಬ ಈ ಪತ್ರಿಕೆಗೆ ಚಂದಾ ಇಲ್ಲ, ಜಾಹೀರಾತಿಲ್ಲ, ಸಂಪಾದಕೀಯವಿಲ್ಲ. ಆದರೂ ನ್ಯೂಜೆರ್ಸಿಯ ಎಡಿಸನ್ನಿನಿಂದ ಕ್ಯಾಲಿಫೋರ್ನಿಯದ ಫ್ರೀಮಾಂಟ್‌ವರೆಗೆ, ಅಲ್ಲಿಂದ ಬೆಂಗಳೂರಿನ ಜಯನಗರದ ಪಾರ್ಕಿನ ಕಲ್ಲುಬೆಂಚಿನವರೆಗೆ ಇದಕ್ಕಿರುವಷ್ಟು ನಿಷ್ಠಾವಂತ ಓದುಗರು ಕನ್ನಡದ ಯಾವ ಮಾಸಪತ್ರಿಕೆಗೂ ಇದ್ದ ನೆನಪು ನನಗಿಲ್ಲ. "ನಿಮ್ಮ ಹುಡುಗನ ಡೇಟು ಎಲ್ಲಿಗೆ ಬಂತು ರಾಯರೇ?" ಎಂದು ಒಬ್ಬರು ಕೇಳುತ್ತಾರೆ. "ಒಂದು ವಾರ ಮುಂದೆ ಹೋಗಿದೆಯಂತೆ ಸಾರ್" ಎಂದು ಇನ್ನೊಬ್ಬರು ತೃಪ್ತಿಯಿಂದ ಹೇಳುತ್ತಾರೆ. ಒಂದು ತಿಂಗಳು ಕಾದಿದ್ದಕ್ಕೆ ಒಂದು ವಾರ! ಈ ಬಡ್ಡಿ ಯಾವ ಬ್ಯಾಂಕಿನ ಠೇವಣಿಗೂ ಇಲ್ಲ.

ಇಂಥ ವ್ಯವಸ್ಥೆಯನ್ನು ಬೈಯುವುದೇ ಈಗ ರೂಢಿಯಾಗಿದೆ. ಕನ್ನಡ ಕೂಟದ ಯುಗಾದಿ ಊಟಕ್ಕೆ ತಟ್ಟೆ ಹಿಡಿದು ನಿಂತವರು ಒಬ್ಬಟ್ಟು ಬೀಳುವುದಕ್ಕೆ ಮುಂಚೆಯೇ ಗ್ರೀನ್ ಕಾರ್ಡಿನ ಸಾಲನ್ನು ಶಪಿಸಿ ಮುಗಿಸಿರುತ್ತಾರೆ. ನನಗೆ ಇದು ಕೃತಘ್ನತೆಯಾಗಿ ಕಾಣುತ್ತದೆ. ಒಂದು ಇಡೀ ಪೀಳಿಗೆಗೆ ತಾಳ್ಮೆ, ವಿನಯ, ವೈರಾಗ್ಯಗಳನ್ನು ಕಲಿಸಿದ ಸಂಸ್ಥೆಯ ಬಗ್ಗೆ ಯಾರಾದರೂ ನಾಲ್ಕು ಒಳ್ಳೆಯ ಮಾತು ಬರೆಯಬೇಕು.

ಮೊದಲು ಅದರ ಸಮತಾಭಾವವನ್ನು ನೋಡಿ. 1990ರ ನವೆಂಬರಿನಲ್ಲಿ ಹಿರಿಯ ಬುಷ್ ಸಹಿ ಹಾಕಿದ ಕಾನೂನು ಉದ್ಯೋಗದ ದಾರಿಯಲ್ಲಿ ಬರುವವರಿಗೆ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡುಗಳನ್ನು ಎತ್ತಿಟ್ಟಿತು. ನೌಕರನ ಹೆಂಡತಿ, ಮಕ್ಕಳೂ ಅದೇ ಲೆಕ್ಕದೊಳಗೆ. ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಶೇಕಡಾ 7ಕ್ಕಿಂತ ಹೆಚ್ಚು ಸಲ್ಲದು. ಅಂದರೆ ಹೆಚ್ಚುಕಡಿಮೆ 9,800. ಬೇರೆಯವರು ಉಂಡು ಮಿಕ್ಕಿದ್ದು ಸಿಕ್ಕರೆ ಅದು ಪ್ರಸಾದ. ನಾಲ್ಕು ಲಕ್ಷ ಜನರೂ ಇಲ್ಲದ ಐಸ್‌ಲ್ಯಾಂಡಿಗೂ ಅದೇ 7, ನೂರನಲವತ್ತು ಕೋಟಿ ದಾಟಿದ ನಮಗೂ ಅದೇ 7. ತಮ್ಮ ಪಾಲನ್ನು ತುಂಬಿಸಿಕೊಳ್ಳಲು ಐಸ್‌ಲ್ಯಾಂಡಿನವರು ಬರುತ್ತಿಲ್ಲವೆಂದರೆ ಅದು ಅವರ ಸೋಮಾರಿತನ. ಕಾನೂನು ಏನು ಮಾಡೀತು?

ಇಲ್ಲಿ ದೇಶವೆಂದರೆ ಪಾಸ್‌ಪೋರ್ಟಿನ ದೇಶವಲ್ಲ, ಹುಟ್ಟಿದ ದೇಶ. ಕೆನಡಾದ ಪ್ರಜೆಯಾಗಿ ಹತ್ತು ಚಳಿಗಾಲ ಮನೆಮುಂದಿನ ಹಿಮ ಎತ್ತಿಹಾಕಿದ್ದರೂ ಹುಟ್ಟಿದ್ದು ಹಾಸನದಲ್ಲಾದರೆ ನಿಲ್ಲಬೇಕಾದ್ದು ಭಾರತದ ಸಾಲಿನಲ್ಲೇ. ಜನ್ಮಭೂಮಿಯನ್ನು ಮರೆಯಬೇಡಿ ಎಂದು ನಮ್ಮ ಮೇಷ್ಟ್ರುಗಳು ಹೇಳಿ ಹೇಳಿ ಸೋತದ್ದನ್ನು ಅಮೆರಿಕದ ಕಾಂಗ್ರೆಸ್ಸು ಒಂದೇ ಕಲಮಿನಲ್ಲಿ ಸಾಧಿಸಿತು. ಕುವೈತಿನಲ್ಲಿ ದುಡಿಯುತ್ತಿದ್ದ ಮಂಗಳೂರು ಕಡೆಯ ಗಂಡ ಚೊಚ್ಚಲ ಹೆರಿಗೆಗೆಂದು ಹೆಂಡತಿಯನ್ನು ತವರಿಗೆ ಕಳಿಸುತ್ತಾನೆ. ಬಾಣಂತನ, ಎಣ್ಣೆ ನೀರು, ಅಜ್ಜಿಯ ಜೋಗುಳ, ಯಾವುದಕ್ಕೂ ಕೊರತೆಯಿಲ್ಲ. ಎರಡನೆಯದಕ್ಕೆ ರಜೆ ಸಿಗದೆ ಅಲ್ಲೇ ಕುವೈತಿನ ಆಸ್ಪತ್ರೆಯಲ್ಲಿ ಹೆರಿಗೆಯಾಗುತ್ತದೆ. ಮೂವತ್ತು ವರ್ಷ ಕಳೆದ ಮೇಲೆ ಅಣ್ಣ ತಮ್ಮಂದಿರಿಬ್ಬರೂ ಒಂದೇ ಊರಿನಲ್ಲಿ, ಒಂದೇ ಬಗೆಯ ಕೆಲಸದಲ್ಲಿ ಇದ್ದರೆ, ತಮ್ಮ ಕುವೈತಿನ ಲೆಕ್ಕದಲ್ಲಿ ಕಾರ್ಡು ಪಡೆದು ಮನೆ ಕಟ್ಟಿಸುತ್ತಾನೆ. ಅಣ್ಣ ಅಜ್ಜಿಯ ಜೋಗುಳದ ಋಣ ತೀರಿಸುತ್ತ ಕಾಯುತ್ತಾನೆ. ಗಂಡ ಹೆಂಡಿರಲ್ಲಿ ಒಬ್ಬರು ಬೇರೆ ದೇಶದಲ್ಲಿ ಹುಟ್ಟಿದ್ದರೆ ಇನ್ನೊಬ್ಬರು ಆ ದೇಶದ ಸಾಲು ಹಿಡಿಯಬಹುದೆಂಬ ಅನುಕೂಲವೂ ಇದೆ. "ಹುಡುಗಿ ಹುಟ್ಟಿದ್ದು ಮಸ್ಕತ್ತಿನಲ್ಲಿ" ಎಂದು ಗೊತ್ತಾದ ಕೂಡಲೇ ಕುಜದೋಷ ತಾನಾಗಿ ಪರಿಹಾರವಾಗುತ್ತದೆ.

ಸಾಲಿಗೆ ಸೇರುವ ವಿಧಿ ಇನ್ನೂ ಸೊಗಸು. ಪರ್ಮ್ ಎಂದು ಅದರ ಹೆಸರು, 2005ರಿಂದ ಜಾರಿಯಲ್ಲಿದೆ. ಒಬ್ಬ ಹುಡುಗ ವರ್ಷಗಳಿಂದ ಕೂತು ಮಾಡುತ್ತಿರುವ ಕೆಲಸಕ್ಕೇ ಕಂಪನಿ 'ಬೇಕಾಗಿದ್ದಾರೆ' ಎಂದು ಜಾಹೀರಾತು ಕೊಡಬೇಕು. ಎರಡು ಭಾನುವಾರ ದಿನಪತ್ರಿಕೆಯಲ್ಲಿ ಹಾಕಿಸಬೇಕು. ರಾಜ್ಯ ಸರ್ಕಾರದ ಉದ್ಯೋಗ ಕಚೇರಿಯಲ್ಲಿ 30 ದಿನ ಇಡಬೇಕು. ಆಫೀಸಿನ ಗೋಡೆಗೆ ಸತತ 10 ಕೆಲಸದ ದಿನ ನೋಟಿಸು ಅಂಟಿಸಬೇಕು. ನೋಟಿಸು ಬೀಳುವುದು ಕಾಫಿ ಯಂತ್ರದ ಅಕ್ಕಪಕ್ಕದಲ್ಲಿ. ತನ್ನ ಕುರ್ಚಿ ಖಾಲಿ ಇದೆ ಎಂಬ ಪ್ರಕಟಣೆಯನ್ನು ದಿನಕ್ಕೆ ನಾಲ್ಕು ಸಲ ಓದುತ್ತ ಆ ನೀರುಕಾಫಿ ಕುಡಿದವನಿಗೆ ಸ್ಥಿತಪ್ರಜ್ಞನ ಲಕ್ಷಣಗಳನ್ನು ಬೇರೆಯಾಗಿ ವಿವರಿಸಬೇಕಿಲ್ಲ. ಇಷ್ಟೆಲ್ಲ ಮಾಡುವುದು ಈ ಕೆಲಸಕ್ಕೆ ಅರ್ಹ ಅಮೆರಿಕನ್ ಯಾರೂ ಸಿಗಲಿಲ್ಲ ಎಂದು ರುಜುವಾತು ಮಾಡಲು. ಯಾರೂ ಬರದಿರಲಿ ಎಂಬ ಉತ್ಕಟ ಹಾರೈಕೆಯೊಂದಿಗೆ ಅಚ್ಚಾಗುವ ಜಾಹೀರಾತು ಪ್ರಪಂಚದಲ್ಲಿ ಇದೊಂದೇ ಇರಬೇಕು. ಒಂದು ವೇಳೆ ಅರ್ಹನೊಬ್ಬ ಬಂದುಬಿಟ್ಟರೂ ಕೆಲಸ ಅವನಿಗೆ ಸಿಗಲೇಬೇಕೆಂದಿಲ್ಲ. ಹುಡುಗನ ಅರ್ಜಿ ಮಾತ್ರ ಅಲ್ಲಿಗೇ ನಿಲ್ಲುತ್ತದೆ. ಇಬ್ಬರಿಗೂ ಏನೂ ದಕ್ಕದಂತೆ ನೋಡಿಕೊಳ್ಳುವ ಈ ನಿಷ್ಪಕ್ಷಪಾತ ನಮ್ಮ ನ್ಯಾಯಪಂಚಾಯ್ತಿಗಳಲ್ಲೂ ಕಂಡಿಲ್ಲ.

ಜೊತೆಗೆ, ಸಾಫ್ಟ್‌ವೇರ್ ಬರೆಯುವವರು ಭಾನುವಾರದ ಪೇಪರಿನ ವರ್ಗೀಕೃತ ಜಾಹೀರಾತು ನೋಡಿಯೇ ಕೆಲಸ ಹುಡುಕುತ್ತಾರೆ ಎಂದು ಇವತ್ತಿಗೂ ನಂಬಿರುವುದು ಅಮೆರಿಕದ ಕಾರ್ಮಿಕ ಇಲಾಖೆ ಒಂದೇ. ಮುದ್ರಣ ಮಾಧ್ಯಮದ ಮೇಲೆ ಇಷ್ಟು ವಿಶ್ವಾಸ ಸಂಪಾದಕರಿಗೇ ಉಳಿದಿಲ್ಲ. ಈ ಭಾವನೆಗೆ ಸ್ಪಂದಿಸಿದ ಕಂಪನಿಗಳೂ ಇವೆ. ಬೆರಳೊತ್ತಿನಲ್ಲಿ ಜಗತ್ತನ್ನು ಜೋಡಿಸಿದ ಫೇಸ್‌ಬುಕ್, ಇಂಥ ಹುದ್ದೆಗಳಿಗೆ ಮಾತ್ರ ಅರ್ಜಿಯನ್ನು ಅಂಚೆಯಲ್ಲಿ ಕಳಿಸಿ ಎಂದಿತ್ತು. ನ್ಯಾಯ ಇಲಾಖೆ ಇದನ್ನು ಅಪಾರ್ಥ ಮಾಡಿಕೊಂಡು ದಾವೆ ಹೂಡಿತು. 2021ರಲ್ಲಿ ಕಂಪನಿ 1.425 ಕೋಟಿ ಡಾಲರಿನವರೆಗೆ ತೆರಲು ಒಪ್ಪಿ ರಾಜಿಯಾಯಿತು. ಐಫೋನ್ ಮಾರುವ ಆ್ಯಪಲ್ಲಿಗೂ ಕಾಗದದ ಅರ್ಜಿಯೇ ಇಷ್ಟವಾಗಿತ್ತು. ಅದರ ರಾಜಿ 2023ರಲ್ಲಿ, 2.5 ಕೋಟಿ ಡಾಲರಿನವರೆಗೆ. ಅಂಚೆಯಣ್ಣನ ಮೇಲಿನ ಪ್ರೀತಿಗೆ ಇಷ್ಟು ದಂಡ ವಿಧಿಸಿದ್ದು ನನಗೆ ಸರಿ ಕಾಣಲಿಲ್ಲ.

ಇದನ್ನೆಲ್ಲ ನಡೆಸಿಕೊಡುವವರು ಇಮಿಗ್ರೇಷನ್ ವಕೀಲರು. ಕಂಪನಿಯೂ ಅವರ ಕಕ್ಷಿದಾರ, ಕಂಪನಿಯ ನೌಕರನೂ ಅವರ ಕಕ್ಷಿದಾರ. ಫೀಸು ಕೊಡುವುದು ಕಂಪನಿಯಾದ್ದರಿಂದ ನೌಕರನ ಪ್ರಶ್ನೆಗಳಿಗೆ 'ನಿಮ್ಮ ಎಚ್.ಆರ್. ಅನ್ನು ಕೇಳಿ' ಎಂಬ ಉತ್ತರ ದೊರೆಯುತ್ತದೆ. ಎಚ್.ಆರ್. 'ವಕೀಲರನ್ನು ಕೇಳಿ' ಎನ್ನುತ್ತಾರೆ. ಹೀಗೆ ಪ್ರಶ್ನೆಯೊಂದು ಹೋಗುತ್ತ ಬರುತ್ತ ಇರುವಾಗ ಅದರ ಮೊನೆ ಸವೆದು, ಕೊನೆಗೆ ಕೇಳಿದವನಿಗೂ ಅದು ಬೇಡವಾಗುತ್ತದೆ. ತಮ್ಮ ಮಾತಿಗೆ ಯಾವತ್ತೂ ಸಿಕ್ಕಿಬೀಳದ ಇವರ ಭಾಷಾಸಂಯಮವನ್ನು ನಮ್ಮ ಹವಾಮಾನ ಇಲಾಖೆಯವರು ಅಭ್ಯಾಸ ಮಾಡಬೇಕು.

ಕಾಗದಪತ್ರಗಳ ಘಟ್ಟದಲ್ಲಿ ವಂಶವೃಕ್ಷವೇ ಚಿಗುರುತ್ತದೆ. ಹಳ್ಳಿಯಲ್ಲಿ ಹುಟ್ಟಿದ ನಮ್ಮ ಎಂಜಿನಿಯರುಗಳಲ್ಲಿ ಎಷ್ಟೋ ಮಂದಿಯ ಜನನ ನೋಂದಣಿಯೇ ಆಗಿರುವುದಿಲ್ಲ. ಆಗಿದ್ದರೂ ನಾಮಕರಣಕ್ಕೆ ಮುಂಚೆ ಅಪ್ಪ ಬರೆಸಿ ಬಂದದ್ದರಿಂದ ದಾಖಲೆಯಲ್ಲಿ 'ಗಂಡು' ಎಂದಿರುತ್ತದೆ, ಹೆಸರಿರುವುದಿಲ್ಲ. ಆಗ ಹುಟ್ಟನ್ನು ಬಲ್ಲ ಹಿರಿಯರಿಬ್ಬರು ಪ್ರಮಾಣ ಮಾಡಿ ಅಫಿಡವಿಟ್ ಕೊಡಬೇಕು. ವರ್ಷಗಟ್ಟಲೆ ಮಾತಿಲ್ಲದ ಮನೆಗಳಿಗೆ ಡಲ್ಲಾಸಿನಿಂದ ಫೋನು ಹೋಗುತ್ತದೆ.

"ದೊಡ್ಡಮ್ಮಾ, ನಾನು ಹುಟ್ಟಿದಾಗ ನೀವು ಅಲ್ಲೇ ಇದ್ರಲ್ವಾ?"

"ಇದ್ದೆ ಕಣಪ್ಪ. ಗೌರಿ ಹಬ್ಬದ ಮಾರನೇ ದಿನ, ಬೆಳಗಿನ ಜಾವ. ಏನ್ ಮಳೆ ಅಂತೀಯ! ಸೂಲಗಿತ್ತಿ ಬರೋದೇ ತಡ ಆಯ್ತು."

"ಮಾರ್ಕ್ಸ್ ಕಾರ್ಡಲ್ಲಿ, ಪಾಸ್‌ಪೋರ್ಟಲ್ಲಿ ಎಲ್ಲಾ ಜೂನ್ 1 ಅಂತಿದೆ ದೊಡ್ಡಮ್ಮ."

"ಅದು ನಿಮ್ಮ ಇಸ್ಕೂಲು ಮೇಷ್ಟ್ರು ಬರ್ಕೊಂಡಿದ್ದು."

"ಜೂನ್ 1 ಅಂತ ಸೈನ್ ಹಾಕಿ ಕಳಿಸ್ತೀರಾ?"

"ಹಾಕ್ತೀನಿ ಬಿಡು. ಮಳೆ ಬಂದಿದ್ದೂ ಬರೀಬೇಕಾ?"

ಹೆಸರಿನ ವಿಷಯದಲ್ಲೂ ಅಮೆರಿಕದ ಔದಾರ್ಯ ದೊಡ್ಡದು. ಊರಿನ ಮೊದಲಕ್ಷರ, ಅಪ್ಪನ ಮೊದಲಕ್ಷರ, ಆಮೇಲೆ ತಾನು ಎಂದು ಬದುಕಿದ ನಮ್ಮವರಲ್ಲಿ ಬಹಳ ಜನಕ್ಕೆ ಸರ್‌ನೇಮ್ ಎಂಬುದಿಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅದನ್ನು ಮನೆತನದ ಹೆಸರಿನ ಜಾಗಕ್ಕೆ ತಳ್ಳಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಬರೆಯುತ್ತಾರೆ: ಮೊದಲ ಹೆಸರು ತಿಳಿಯದು. ಡ್ರೈವಿಂಗ್ ಲೈಸೆನ್ಸಿಗೂ ಅದೇ ಹತ್ತುತ್ತದೆ. ಬ್ಯಾಂಕಿನವರು, ವಿಮೆಯವರು, ಹಲ್ಲು ಡಾಕ್ಟರ ಸಹಾಯಕಿ ಎಲ್ಲರೂ "ಮಿಸ್ಟರ್ ಫ್ನೂ" ಎಂದು ಅಕ್ಕರೆಯಿಂದ ಕೂಗುತ್ತಾರೆ. ಜಾತಿ, ಊರು, ಕುಲ ಯಾವುದರ ಸುಳಿವೂ ಕೊಡದ ಹೆಸರಿಗಾಗಿ ನಮ್ಮ ಸಮಾಜ ಸುಧಾರಕರು ಎಷ್ಟು ಕಾಲ ಹಂಬಲಿಸಿದ್ದರು! ಅದು ಪುಕ್ಕಟೆಯಾಗಿ ಸಿಕ್ಕಿದಾಗ ನಮ್ಮವರು ಗೊಣಗುತ್ತಾರೆ.

ಪರ್ಮ್ ಅರ್ಜಿ ಸಲ್ಲಿಸಿದ ದಿನವೇ ಪ್ರಯಾರಿಟಿ ಡೇಟ್. ಮುಂದೆ ಬುಲೆಟಿನ್ನಿನ ತಾರೀಖು ಆ ದಿನವನ್ನು ದಾಟಬೇಕು, ಅಷ್ಟೆ. ತಾರೀಖು ಯಾವಾಗಲೂ ಮುಂದಕ್ಕೇ ಹೋಗುತ್ತದೆ ಎಂಬುದು ಸಂಸಾರಿಗಳ ಭ್ರಮೆ. 2022ರ ಸೆಪ್ಟೆಂಬರಿನ ಬುಲೆಟಿನ್ನಿನಲ್ಲಿ ಉನ್ನತ ಪದವಿಯ ನೌಕರರಿಗಿರುವ ಇಬಿ-2 ವರ್ಗದ ಭಾರತದ ಸಾಲು 2014ರ ಡಿಸೆಂಬರ್ 1ಕ್ಕೆ ಬಂದು ನಿಂತಿತ್ತು. ಅಕ್ಟೋಬರಿನಲ್ಲಿ ಅದು 2012ರ ಏಪ್ರಿಲ್ 1ಕ್ಕೆ ಸರಿಯಿತು. ಡಿಸೆಂಬರಿನಲ್ಲಿ 2011ರ ಅಕ್ಟೋಬರ್ 8. ಇದಕ್ಕೆ ರೆಟ್ರೊಗ್ರೆಷನ್ ಎನ್ನುತ್ತಾರೆ. ಮೂರು ತಿಂಗಳಲ್ಲಿ ಮೂರು ವರ್ಷ ಹಿಂದಕ್ಕೆ ಹೋಗುವ ಈ ಸಾಮರ್ಥ್ಯ ಭೌತವಿಜ್ಞಾನಿಗಳಿಗೆ ಇನ್ನೂ ಕೈಗೂಡಿಲ್ಲ.

ಇದಕ್ಕಿಂತ ರೋಚಕವಾದದ್ದು 2007ರ ಜುಲೈ. ಆ ತಿಂಗಳ ಬುಲೆಟಿನ್ ಜೂನ್ ನಡುವಿನಲ್ಲಿ ಹೊರಬಿದ್ದಾಗ ವೃತ್ತಿಪರರ ವರ್ಗಗಳೆಲ್ಲ 'ಕರೆಂಟ್' ಎಂದಿತ್ತು. ಕಾಯುತ್ತಿದ್ದವರೆಲ್ಲ ಅಂತಿಮ ಅರ್ಜಿ ಹಾಕಬಹುದು. ಊರಿಗೆ ರಜೆ ಹೋದವರು ರಜೆ ಮೊಟಕು ಮಾಡಿ ವಾಪಸು ಹಾರಿದರು. ಸರ್ಕಾರ ಗುರುತಿಸಿದ ಡಾಕ್ಟರುಗಳ ಮುಂದೆ ರಕ್ತ ಕೊಡಲು, ಲಸಿಕೆ ಚುಚ್ಚಿಸಿಕೊಳ್ಳಲು ನೂಕುನುಗ್ಗಲು. ಅರ್ಜಿ ತಲುಪಬೇಕಾದ ಮೊದಲ ಕೆಲಸದ ದಿನ, ಜುಲೈ 2ರಂದು, ಇಲಾಖೆ ತಿದ್ದುಪಡಿ ಹೊರಡಿಸಿತು: ನಂಬರುಗಳೆಲ್ಲ ಮುಗಿದಿವೆ, ಯಾರದ್ದೂ ತೆಗೆದುಕೊಳ್ಳುವುದಿಲ್ಲ. ಬೇರೆ ಜನವಾಗಿದ್ದರೆ ಕಲ್ಲು ತೂರುತ್ತಿದ್ದರೇನೋ. ನಮ್ಮವರು ಹಿಂದಿನ ವರ್ಷ ಬಂದಿದ್ದ, ಎದುರಾಳಿಗೆ ಹೂ ಕಳಿಸಿ ಗೆಲ್ಲುವ 'ಲಗೇ ರಹೋ ಮುನ್ನಾಭಾಯ್' ಸಿನಿಮಾ ನೋಡಿದ್ದರು. ಜುಲೈ 10ರಂದು ವಲಸೆ ಇಲಾಖೆಯ ನಿರ್ದೇಶಕ ಎಮಿಲಿಯೊ ಗೊನ್ಸಾಲೆಸ್ ಅವರ ಕಚೇರಿಗೆ ನೂರಾರು ಹೂಗುಚ್ಛ ಕಳಿಸಿದರು. ನಿರ್ದೇಶಕರು ಅಷ್ಟೇ ಸಭ್ಯತೆಯಿಂದ ಹೂವನ್ನೆಲ್ಲ ಗಾಯಾಳು ಸೈನಿಕರಿದ್ದ ವಾಲ್ಟರ್ ರೀಡ್ ಆಸ್ಪತ್ರೆಗೆ ಸಾಗಹಾಕಿದರು. ವಾರ ಕಳೆದು ಜುಲೈ 17ಕ್ಕೆ ತೀರ್ಮಾನ ಮತ್ತೆ ಬದಲಾಯಿತು; ಆಗಸ್ಟ್ 17ರವರೆಗೆ ಅರ್ಜಿ ಹಾಕಲು ಬಿಟ್ಟರು. ಹೂವಿಗೆ ಸರ್ಕಾರ ಮಣಿದ ಈ ಉದಾಹರಣೆಯನ್ನು ನಮ್ಮ ಪಠ್ಯಪುಸ್ತಕಗಳು ಯಾಕೋ ಕಡೆಗಣಿಸಿವೆ. ಹಾಗೆ ಅರ್ಜಿ ಒಳಗೆ ತೂರಿಸಿದವರಲ್ಲಿ ಹಲವರ ಕೈಗೆ ಕಾರ್ಡು ಬಂದದ್ದು ಮತ್ತೆ ಹತ್ತು ವರ್ಷದ ನಂತರ ಎಂಬುದು ಸಣ್ಣ ಮಾತು.

ಕಾಯುವ ಕಾಲದ ಜೀವನಕ್ರಮ ಶಿಸ್ತಿನದು. ಎಚ್-1ಬಿ ಎಂಬ ನೌಕರಿ ವೀಸಾಕ್ಕೆ ಆರು ವರ್ಷದ ಮಿತಿಯಿತ್ತು. ಸಾಲು ಅದಕ್ಕಿಂತ ಉದ್ದವಾದದ್ದರಿಂದ 2000ದಲ್ಲಿ ಕಾನೂನು ಮಾಡಿ, ಸಾಲಿನಲ್ಲಿರುವವರಿಗೆ ವಿಸ್ತರಣೆಯ ಮೇಲೆ ವಿಸ್ತರಣೆ ಕರುಣಿಸಿದರು. ಸಾಲನ್ನು ಮೊಟಕು ಮಾಡುವ ಒರಟುತನಕ್ಕೆ ಯಾರೂ ಇಳಿಯಲಿಲ್ಲ. ಕಂಪನಿ ಬದಲಿಸಿದರೆ ಜಾಹೀರಾತಿನ ಯಜ್ಞ ಮೊದಲಿನಿಂದ. ಆದ್ದರಿಂದ ಮ್ಯಾನೇಜರು ಎಷ್ಟೇ ಕೂಗಾಡಿದರೂ ಮುಗುಳುನಗುವ ಅಭ್ಯಾಸ ಬೆಳೆಯುತ್ತದೆ. ಊರಿಗೆ ಬಂದರೆ ವಾಪಸು ಹೋಗಲು ವೀಸಾಕ್ಕೆ ಸ್ಟ್ಯಾಂಪಿಂಗ್ ಆಗಬೇಕು. ಚೆನ್ನೈಗೋ ಹೈದರಾಬಾದಿಗೋ ಓಡಬೇಕು. 2025ರ ಜನವರಿಯಲ್ಲಿ ಬೆಂಗಳೂರಿನಲ್ಲೇ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತು. ವೀಸಾ ಕೊಡುವ ಏರ್ಪಾಡೊಂದು ಆಗ ಅದರಲ್ಲಿರಲಿಲ್ಲ, ಮಿಕ್ಕೆಲ್ಲ ಇತ್ತು. ಹೈದರಾಬಾದಿನವರಿಗೆ ಪಕ್ಕದಲ್ಲೇ ಚಿಲ್ಕೂರಿನ ವೀಸಾ ಬಾಲಾಜಿ ಇದ್ದಾನೆ: ಹರಕೆಗೆ 11 ಪ್ರದಕ್ಷಿಣೆ, ಕೆಲಸವಾದ ಮೇಲೆ 108. ವಕೀಲರಂತೆ ಇವನೂ ಹಂತ ಹಂತವಾಗಿ ಬಿಲ್ ಮಾಡುತ್ತಾನೆ. ಅಪ್ಪನಿಗೆ ಹುಷಾರಿಲ್ಲ ಎಂದು ನಡುರಾತ್ರಿ ಫೋನು ಬಂದರೆ ಮಗ ಮೊದಲು ಹುಡುಕುವುದು ಸ್ಟ್ಯಾಂಪಿಂಗ್ ಸ್ಲಾಟು, ಆಮೇಲೆ ವಿಮಾನದ ಟಿಕೆಟ್ಟು. ಮಮಕಾರವನ್ನು ಹೀಗೆ ಕ್ರಮಬದ್ಧಗೊಳಿಸುವುದು ಮಠಗಳಿಗೂ ಸುಲಭವಲ್ಲ.

ಹೆಂಡತಿಯರ ಪಾತ್ರವನ್ನೂ ಸ್ಮರಿಸಬೇಕು. 2015ರ ಮೇ ತಿಂಗಳವರೆಗೆ ಗಂಡನ ಎಚ್-1ಬಿ ಬೆನ್ನಿಗೆ ಸಿಗುವ ಎಚ್-4 ವೀಸಾದವರು ದುಡಿಯುವಂತೆಯೇ ಇರಲಿಲ್ಲ. ಎಂಜಿನಿಯರಿಂಗಿನಲ್ಲಿ ರ‍್ಯಾಂಕು ಬಂದಿದ್ದ ಹೆಣ್ಣುಮಕ್ಕಳಿಗೆ ಅಪಾರ್ಟ್‌ಮೆಂಟಿನ ಕಿಟಕಿಯಿಂದ ಪಾರ್ಕಿಂಗ್ ಜಾಗವನ್ನು ನೋಡುತ್ತ ಉನ್ನತ ಶಿಕ್ಷಣದ ಸಾರ್ಥಕ್ಯದ ಬಗ್ಗೆ ಚಿಂತಿಸಲು ಬೇಕಾದಷ್ಟು ಸಮಯ ಸಿಗುತ್ತಿತ್ತು.

ಮಕ್ಕಳಿಗೆ 21ನೇ ಹುಟ್ಟುಹಬ್ಬದಂದು ಕಾನೂನು ವಿಶೇಷ ಉಡುಗೊರೆ ಇಟ್ಟಿದೆ. ಅಂದಿಗೆ ಅವರು ಅಪ್ಪನ ಅರ್ಜಿಯಿಂದ ಸ್ವತಂತ್ರರು. ಎರಡನೇ ವಯಸ್ಸಿಗೆ ಹೋಗಿ, ಅಲ್ಲೇ ಶಿಶುವಿಹಾರ, ಹೈಸ್ಕೂಲು ಮುಗಿಸಿ, ಕನ್ನಡವನ್ನು ಅಜ್ಜಿಯ ವಿಡಿಯೊ ಕರೆಗಷ್ಟೇ ಉಳಿಸಿಕೊಂಡ ಹುಡುಗಿ ವಿದ್ಯಾರ್ಥಿ ವೀಸಾಕ್ಕೆ ಅರ್ಜಿ ಹಾಕಿ, ಓದು ಮುಗಿದ ಮೇಲೆ 'ನನ್ನ ದೇಶಕ್ಕೆ' ಹಿಂದಿರುಗುತ್ತೇನೆ ಎಂದು ನಂಬಿಸಬೇಕು. ಮಕ್ಕಳ ರಕ್ಷಣೆಗೆಂದೇ 2002ರಲ್ಲಿ ಒಂದು ಕಾನೂನು ಬಂದಿದೆ. ಕಂಪನಿಯ ಅರ್ಜಿಯನ್ನು ಅಧಿಕಾರಿಗಳು ಪರಿಶೀಲಿಸಲು ತೆಗೆದುಕೊಂಡ ದಿನಗಳನ್ನು ಅದು ಮಗುವಿನ ವಯಸ್ಸಿನಿಂದ ಕಳೆಯುತ್ತದೆ. ಸಾಲಿನಲ್ಲಿ ಕಾದ ವರ್ಷಗಳನ್ನು ಕಳೆಯುವುದಿಲ್ಲ. ಹೆಚ್ಚಿನ ಶುಲ್ಕ ಕಟ್ಟಿ ಹದಿನೈದು ಕೆಲಸದ ದಿನದಲ್ಲಿ ಮಂಜೂರು ಮಾಡಿಸಿಕೊಂಡ ಜಾಣ ಅಪ್ಪನ ಮಗಳಿಗೆ ಸಿಗುವ ರಿಯಾಯಿತಿ ಆ ಕೆಲವು ದಿನವೇ. ಯಯಾತಿಗೆ ಮಗನ ಯೌವನ ಬೇಕಾದಾಗ ಅವನು ಕೇಳಿ ಪಡೆದ. ಇಲ್ಲಿ ಕೇಳುವ ಮುಜುಗರವನ್ನೂ ಉಳಿಸಿದ್ದಾರೆ.

ಇಷ್ಟು ಉದ್ದದ ಸಾಲಿಲ್ಲದ ದಾರಿಗಳೂ ಇವೆ. ಅಸಾಧಾರಣ ಪ್ರತಿಭೆಯವರಿಗೆ ಇಬಿ-1 ವರ್ಗ. ನೊಬೆಲ್ ಇದ್ದರೆ ಅದೊಂದೇ ಸಾಕು. ಇಲ್ಲದಿದ್ದರೆ ಪ್ರಶಸ್ತಿ, ಪತ್ರಿಕಾ ಲೇಖನ, ತೀರ್ಪುಗಾರಿಕೆ, ದೊಡ್ಡ ಸಂಬಳ ಇತ್ಯಾದಿ ಹತ್ತು ಲಕ್ಷಣಗಳಲ್ಲಿ ಕನಿಷ್ಠ ಮೂರನ್ನು ತೋರಿಸಬೇಕು. ಇದರಿಂದ ನಮ್ಮವರಲ್ಲಿ ಅಡಗಿದ್ದ ಅಸಾಧಾರಣತೆ ಸಾಲು ಬೆಳೆದಷ್ಟೂ ಹೊರಬರುತ್ತಿದೆ. ಮೊನ್ನೆಯವರೆಗೆ ಡೇಟಾಬೇಸ್ ನೋಡಿಕೊಂಡಿದ್ದವರು ಈಗ ವಾರಾಂತ್ಯಕ್ಕೊಂದು ಹ್ಯಾಕಥಾನಿಗೆ ತೀರ್ಪುಗಾರರು. ಪ್ರವೇಶ ಶುಲ್ಕ ಕಟ್ಟಿದರೆ ಕೈತಪ್ಪದಂಥ ಜಾಗತಿಕ ಪ್ರಶಸ್ತಿಗಳು ಹುಟ್ಟಿಕೊಂಡಿವೆ. ನಮ್ಮ ರಾಜ್ಯೋತ್ಸವ ಪ್ರಶಸ್ತಿಗೆ ಅರ್ಜಿ ಹಿಡಿದು ಓಡಾಡುವವರನ್ನು ಕಂಡು ನಕ್ಕವರು ಈಗ ನಾಲಿಗೆ ಕಚ್ಚಿಕೊಳ್ಳಬೇಕು. ಪ್ರತಿಭೆಯ ತಾಪತ್ರಯ ಬೇಡದವರಿಗೆ ಇಬಿ-5 ಇದೆ, 2022ರಿಂದ ಕನಿಷ್ಠ 8,00,000 ಡಾಲರ್ ಹೂಡಿಕೆ. ಟ್ರಂಪ್ ಅವರು 2025ರಲ್ಲಿ ಘೋಷಿಸಿದ ಗೋಲ್ಡ್ ಕಾರ್ಡಿಗೆ 10 ಲಕ್ಷ ಡಾಲರ್. ಯೋಗ್ಯತೆಯನ್ನು ಇಷ್ಟು ನಿಖರವಾಗಿ ಅಳೆಯುವ ಮಾನದಂಡ ಇನ್ನಿಲ್ಲ.

ಇಂಥ ಸಾಲನ್ನು ಕೆಡವಲು ಹೊರಟವರೂ ಉಂಟು. ದೇಶವಾರು ಮಿತಿಯನ್ನು ತೆಗೆಯುವ ಮಸೂದೆ 2019ರಲ್ಲಿ ಕೆಳಮನೆಯಲ್ಲಿ 365–65 ಮತಗಳಿಂದ ಗೆದ್ದಿತು. 2020ರ ಡಿಸೆಂಬರಿನಲ್ಲಿ ಸೆನೆಟ್ ಕೂಡ ಒಪ್ಪಿತು, ಆದರೆ ಬೇರೆ ರೂಪದಲ್ಲಿ. ಎರಡೂ ರೂಪ ಒಂದಾಗುವುದರೊಳಗೆ ಅವಧಿ ಮುಗಿದು, ಸಾಲು ಉಳಿಯಿತು.

ವಾಷಿಂಗ್ಟನ್ನಿನ ಕೇಟೋ ಸಂಸ್ಥೆ 2023ರಲ್ಲಿ ಲೆಕ್ಕ ಹಾಕಿ, ಹೊಸದಾಗಿ ಈ ಸಾಲಿಗೆ ಸೇರುವ ಭಾರತೀಯ 134 ವರ್ಷ ಕಾಯಬೇಕು, ಕಾಯುತ್ತಲೇ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ತೀರಿಕೊಳ್ಳುತ್ತಾರೆ ಎಂದು ಹೇಳಿತು. ಸಂಖ್ಯೆ ಕೇಳಿ ಕೆಲವರು ಗಾಬರಿಯಾದರು. ನನಗೆ ಇದರಲ್ಲಿ ಆಡಳಿತದ ಒಂದು ಚಿಕ್ಕ ಕೊರತೆಯಷ್ಟೇ ಕಾಣುತ್ತದೆ, ಅದಕ್ಕೆ ಪರಿಹಾರ ನಮ್ಮ ಕಂದಾಯ ಇಲಾಖೆಯಲ್ಲಿದೆ. ಜಮೀನಿನ ಯಜಮಾನ ತೀರಿಕೊಂಡರೆ ನಾವು ಜಮೀನನ್ನು ಬೀಳು ಬಿಡುವುದಿಲ್ಲ. ವಾರಸುದಾರರ ಹೆಸರಿಗೆ ಪೌತಿ ಖಾತೆ ಮಾಡಿಕೊಡುತ್ತೇವೆ. ಪ್ರಯಾರಿಟಿ ಡೇಟಿಗೂ ಅದೇ ಆಗಬೇಕು. ಮರಣ ಪ್ರಮಾಣಪತ್ರ, ವಂಶವೃಕ್ಷ, ಅಣ್ಣತಮ್ಮಂದಿರ ಒಪ್ಪಿಗೆ ಪತ್ರ ಲಗತ್ತಿಸಿ ವಲಸೆ ಇಲಾಖೆಯ ನೆಬ್ರಾಸ್ಕ ಕಚೇರಿಗೆ ಅರ್ಜಿ ಕೊಟ್ಟರೆ, ತಾತ 2012ರಲ್ಲಿ ನಿಂತ ಜಾಗದಲ್ಲಿ ಮೊಮ್ಮಗಳು ನಿಲ್ಲಬಹುದು. ಮಕ್ಕಳು ಹೆಚ್ಚಿದ್ದರೆ ಪಾಲುಪಟ್ಟಿ: ಹಿರಿಯನಿಗೆ ಏಪ್ರಿಲ್, ಕಿರಿಯನಿಗೆ ಮೇ. ಹೆಣ್ಣುಮಕ್ಕಳಿಗೂ ಸಮಪಾಲು. ತಕರಾರು ಬಂದರೆ ತಹಶೀಲ್ದಾರರ ಮುಂದೆ ವಿಚಾರಣೆ. ಇದಕ್ಕೊಂದು ಹೊಸ ಫಾರಂ ಬೇಕಾಗುತ್ತದೆ, ಫಾರಂ ತುಂಬಲು ವಕೀಲರು ಬೇಕಾಗುತ್ತಾರೆ, ಹುಟ್ಟಿಗೆ ಸಾಕ್ಷಿ ಹೇಳಿದ ಹಿರಿಯರು ಆಗಲೂ ಇದ್ದರೆ ಸಾವಿಗೂ ಸಹಿ ಹಾಕಬಹುದು. ನಮ್ಮ ಕಡೆ ನುರಿತ ಗ್ರಾಮಲೆಕ್ಕಿಗರು ನಿವೃತ್ತರಾಗಿ ಖಾಲಿ ಕೂತಿದ್ದಾರೆ. ಅವರನ್ನು ಇಬಿ-1ರಲ್ಲಿ ಕರೆಸಿಕೊಳ್ಳಲು ಅಡ್ಡಿಯಿಲ್ಲ.